ಕಾಶವ್ವನ ಎದೆದಾರ

ಇಪ್ಪತ್ತೆರಡು ವರ್ಷ ವೈದ್ಯಕೀಯ ಕಾಲೇಜಿನಲ್ಲಿ ಅಂಗರಚನಾಶಾಸ್ತ್ರ ಕಲಿಸಿದ ನಾನು ಆ ಸ್ನಾಯುವಿಗೆ ಮೂರು ನಿಮಿಷಕ್ಕಿಂತ ಹೆಚ್ಚು ಸಮಯ ಕೊಟ್ಟವಳಲ್ಲ. ಕೊರಳೆಲುಬಿಗೂ ಮೊದಲನೆಯ ಪಕ್ಕೆಲುಬಿಗೂ ನಡುವೆ, ಕಿರುಬೆರಳಿನ ಗಾತ್ರದಲ್ಲಿ ಅದು ಅಡಗಿ ಕೂತಿರುತ್ತದೆ. ಹೆಸರು ಸಬ್‌ಕ್ಲೇವಿಯಸ್. ಪಕ್ಕೆಲುಬಿನಿಂದ ಹೊರಟು ಕೊರಳೆಲುಬಿನ ತಳದಲ್ಲಿರುವ ತಗ್ಗಿಗೆ ಅಂಟಿಕೊಳ್ಳುತ್ತದೆ, ಭುಜವನ್ನು ತುಸು ಕೆಳಕ್ಕೆ ಎಳೆಯುತ್ತದೆ, ಕುತ್ತಿಗೆಯಿಂದ ತನ್ನದೇ ಒಂದು ಸಣ್ಣ ನರವನ್ನು ಪಡೆಯುತ್ತದೆ. ಇಷ್ಟು ಹೇಳಿ ನಾನು ಸೀಮೆಸುಣ್ಣ ಕೆಳಗಿಡುತ್ತಿದ್ದೆ. “ಇದನ್ನ ಕಿತ್ತು ಒಗದ್ರೂ ಯಾರಿಗೂ ಗೊತ್ತಾಗಂಗಿಲ್ಲ. ಪರೀಕ್ಷಾಕ ಒಂದ ಮಾರ್ಕು. ಮುಂದ ನಡೀರಿ” ಎನ್ನುತ್ತಿದ್ದೆ. ಹುಡುಗರು ನಗುತ್ತಿದ್ದರು. ಅವರನ್ನು ನಗಿಸಿದೆನೆಂದು ನನಗೂ ಒಳಗೊಳಗೇ ಖುಷಿಯಾಗುತ್ತಿತ್ತು.

ಎದೆದಾರ ಬಂದು ಈಗ ಆರು ವರ್ಷ. ಹೊಲಿಗೆಯ ನೂಲಿನಷ್ಟು ದಪ್ಪದ ತಂತಿ ಅದು. ಕೊರಳೆಲುಬಿನ ಕೆಳಗೆ ಒಂದು ಚಿಕ್ಕ ಗಾಯ ಮಾಡಿ ಅಲ್ಲಿಯ ಅಭಿಧಮನಿಯೊಳಗೆ ತೂರಿಸಿದರೆ, ರಕ್ತದ ಜೊತೆಗೇ ಇಳಿದು ಹೃದಯದ ಒಳಗೋಡೆಗೆ ಅಂಟಿಕೊಳ್ಳುತ್ತದೆ. ಅದಕ್ಕೆ ಬ್ಯಾಟರಿ ಬೇಡ. ಹೃದಯದ ಮಿಡಿತದಿಂದಲೇ ಶಕ್ತಿ ಪಡೆದು ಅದೇ ಹೃದಯವನ್ನು ಕಾಯುತ್ತದೆ. ಬಡಿತ ತಪ್ಪಿದರೆ ತಿದ್ದುತ್ತದೆ, ಹುಚ್ಚೆದ್ದು ಓಡಿದರೆ ಒಂದು ಹೊಡೆತ ಕೊಟ್ಟು ದಾರಿಗೆ ತರುತ್ತದೆ. ಜನ ಅದಕ್ಕೆ ಬೇಗ ಹೊಂದಿಕೊಂಡರು. ಬಸ್ಸಿನಲ್ಲಿ ಸೀಟು ಬೇಕಾದವರು “ನಂದು ದಾರದ ಎದಿರಿ” ಎನ್ನುವುದನ್ನು ಕಲಿತರು. ಬೀಗರಾಗುವವರು ಜಾತಕ ಕೇಳುವ ಮೊದಲು ಹುಡುಗನ ಅಪ್ಪನಿಗೆ ದಾರ ಇದೆಯೇ ಎಂದು ಕೇಳತೊಡಗಿದರು.

ನಿವೃತ್ತಿಯಾದ ಮೇಲೆ, ಆಗತಾನೇ ತೆರೆದಿದ್ದ ವಿಜಯಪುರದ ಎದೆದಾರ ಕೇಂದ್ರದವರು ನನ್ನನ್ನು ಸಲಹೆಗಾರ್ತಿಯಾಗಿ ಕರೆದರು. ಮೊದಲ ವಾರವೇ ಅವರು ಕೊಟ್ಟ ಕೆಲಸ, ರೋಗಿಗಳು ತುಂಬುವ ಅರ್ಜಿಯನ್ನು ಸರಳ ಮಾಡುವುದು. ದುಡಿಯುವ ಕೈಯ ಭುಜ ಹೆಚ್ಚು ಅಲುಗುವುದರಿಂದ ದಾರವನ್ನು ಯಾವಾಗಲೂ ಇನ್ನೊಂದು ಬದಿಗೆ ಹಾಕುತ್ತಾರೆ. ಅದಕ್ಕಾಗಿ ಅರ್ಜಿಯಲ್ಲಿ ಅರ್ಧ ಪುಟದ ಒಂದು ಪ್ರಶ್ನೆ ಇತ್ತು. ನಾನು ಅದನ್ನು ಹೊಡೆದು ಹಾಕಿ ಅಕ್ಷರ ಬಾರದವರಿಗೂ ತಿಳಿಯುವಂತೆ ಒಂದೇ ಸಾಲು ಬರೆದೆ. ಏಳನೆಯ ಪ್ರಶ್ನೆ, ಇಂದುಮತಿ ತಾವರಗೇರಿ ಎಂಬ ನನ್ನ ಕೊಡುಗೆ. ಎಲ್ಲರೂ ಮೆಚ್ಚಿದರು.

ಆ ಸೋಮವಾರ ಬೆಳಿಗ್ಗೆ ಹತ್ತು ನಲವತ್ತಕ್ಕೆ ನಿಗಾ ಕೋಣೆಯಲ್ಲಿ ಒಂದು ಚುಕ್ಕೆ ಕೆಂಪಾಯಿತು. ಗೋಡೆಯ ತುಂಬ ಒಂದು ಲಕ್ಷ ಹತ್ತು ಸಾವಿರ ಹಸಿರು ಚುಕ್ಕೆಗಳಿರುತ್ತವೆ, ಒಂದೊಂದೂ ಒಂದು ಹೃದಯ. ಕೆಂಪಾದ ಚುಕ್ಕೆ ಕಾಶವ್ವನದು.

ಕಾಶವ್ವ ನನಗೆ ಹೊಸಬಳಲ್ಲ. ಗಾಂಧಿ ಚೌಕದ ಹಿಂದಿನ ಓಣಿಯಲ್ಲಿ ಅವಳ ಖಾನಾವಳಿ. ನನಗೆ ರೊಟ್ಟಿ ಬಡಿಯಲು ಬರುವುದಿಲ್ಲ, ಬರುವುದಿಲ್ಲವೆಂಬ ನಾಚಿಕೆಯೂ ಇಲ್ಲ. ಹನ್ನೊಂದು ವರ್ಷದಿಂದ ನಮ್ಮ ಮನೆಗೆ ಅವಳದೇ ರೊಟ್ಟಿ. ಅವಳಿಗೆ ದಾರ ಹಾಕಿ ಎಂಟು ತಿಂಗಳಾಗಿತ್ತು.

“ಮೇಡಂ, ವಾರದಲ್ಲಿ ಇದು ಮೂರನೇ ಹೊಡೆತ” ಎಂದ ಫಣೀಂದ್ರ. ದಾರಗಳನ್ನು ಪರೀಕ್ಷೆ ಮಾಡುವ ಎಂಜಿನಿಯರ್ ಅವನು, ಮೈಸೂರಿನ ಕಡೆಯವನು. “ಆದ್ರೆ ಹೃದಯ ಸರಿಯಾಗೇ ಇದೆ. ದಾರದಲ್ಲೇ ಗಲಾಟೆ. ಅದೇ ಗಲಾಟೆನ ಹೃದಯದ್ದು ಅಂದ್ಕೊಂಡು ಹೊಡೀತಿದೆ. ಹೊರಗಿನ ಪದರ ಸವೆದು ಒಳಗಿನ ತಂತಿಗಳು ಒಂದಕ್ಕೊಂದು ತಾಗ್ತಿರಬೇಕು. ನೋಡಿ, ಎಲ್ಲಾ ಬೆಳಿಗ್ಗೆ ಒಂಬತ್ತರಿಂದ ಹನ್ನೆರಡರೊಳಗೇ.” ಮಧ್ಯಾಹ್ನದ ಊಟಕ್ಕೆಂದು ಕಾಶವ್ವ ರೊಟ್ಟಿ ಬಡಿಯುವ ಹೊತ್ತು ಅದು.

ಮಧ್ಯಾಹ್ನ ಕೇಂದ್ರದ ಮುಖ್ಯಸ್ಥ ಡಾ. ಇರ್ಫಾನ್ ಮುಲ್ಲಾ ಎಕ್ಸ್‌ರೇ ಹಿಡಿದುಕೊಂಡು ಬಂದ. ಶಸ್ತ್ರವೈದ್ಯ, ನನ್ನ ಹಳೆಯ ವಿದ್ಯಾರ್ಥಿ. ಹಿಂದಿನ ಬೆಂಚಿನಲ್ಲಿ ಕೂತು ಎಲ್ಲವನ್ನೂ ಬರೆದುಕೊಳ್ಳುತ್ತಿದ್ದವನು.

“ಎಡಗಡೆ ದಾರ ಆ ಸಣ್ಣ ಸ್ನಾಯುವಿನ ನಡುವ ಹಾಯ್ದು ಹೋಗೇದ ಮೇಡಂ. ಸ್ನಾಯು ಬಿಗದಾಗೊಮ್ಮೆ ಹಿಸುಕತದ. ಗುರುವಾರ ಆಪರೇಷನ್ ಇಟ್ಟೀನಿ. ಸ್ನಾಯು ತಗದು ಅಲ್ಲೇ ಹೊಸಾ ದಾರ ಹಾಕ್ತೀನಿ.”

“ತಗೀತೀಯಾ?”

“ನೀವ ಹೇಳಿದ್ರಲ್ರಿ, ಕಿತ್ತು ಒಗದ್ರೂ ಯಾರಿಗೂ ಗೊತ್ತಾಗಂಗಿಲ್ಲಂತ.”

ನನ್ನ ಮಾತು ನನ್ನ ಕೆನ್ನೆಗೇ ಬಂದು ಬಡಿಯಿತು. ಎಕ್ಸ್‌ರೇಯನ್ನು ಕಿಟಕಿಯ ಬೆಳಕಿಗೆ ಹಿಡಿದೆ. ಕಾಶವ್ವನ ಎಡ ಕೊರಳೆಲುಬು ಎಂದೋ ಮುರಿದು ಸೊಟ್ಟಗೆ ಕೂಡಿಕೊಂಡಿತ್ತು. ಕೂಡಿಕೊಂಡ ಜಾಗದಲ್ಲಿ ಎಲುಬಿನ ಒಂದು ಮೊನೆ ಕೆಳಮುಖವಾಗಿ ಬೆಳೆದಿತ್ತು. ಅದರ ಕೆಳಗೆ ಏನೇನಿದೆ ಎಂಬುದು ಎಕ್ಸ್‌ರೇಯಲ್ಲಿ ಕಾಣದಿದ್ದರೂ ನನಗೆ ಗೊತ್ತಿತ್ತು: ತೋಳಿನ ದೊಡ್ಡ ಅಭಿಧಮನಿ, ಅದರ ಹಿಂದೆ ಅಪಧಮನಿ, ಅದರ ಮೇಲೆ ಕೈಗೆ ಹೋಗುವ ನರಗಳ ಕಟ್ಟು. ಮೊನೆಗೂ ಅಭಿಧಮನಿಗೂ ನಡುವೆ ಇದ್ದದ್ದು ಒಂದೇ, ಆ ಕಿರುಬೆರಳಿನಷ್ಟು ಸ್ನಾಯು.

“ಇರ್ಫಾನ್, ಎಲುಬು ಮುರದಾಗ ಈಕಿ ರಕ್ತ ಸೋರಿ ಸಾಯದಂಗ ತಡದದ್ದು ಇದ. ಮೊನಿ ಒಳಗ ಚುಚ್ಚದಂಗ ಹಾಸಿಗಿ ಹಾಸಿದಂಗ ಅಡ್ಡ ಕೂತದ. ಇದನ್ನ ತಗದ್ರ ನಾಳೆ ಆ ಮೊನಿ ನೆಟ್ಟಗ ಅಭಿಧಮನಿಗೆ ಉಜ್ಜತದ.”

ಅವನು ಬಹಳ ಹೊತ್ತು ಎಕ್ಸ್‌ರೇ ನೋಡಿದ. “ಹಂಗಾದ್ರ ಬಲಕ್ಕ ಹಾಕಬೇಕು. ಅದು ಆಕಿ ದುಡಿಯೋ ಕೈ. ದಿನಾ ಇನ್ನೂರು ರೊಟ್ಟಿ ಬಡಿಯೋ ಕೈಯಾಗ ದಾರ ಒಂದ ವರ್ಷಾನೂ ತಾಳಂಗಿಲ್ಲ. ಇಲ್ಲಾ ಆಕಿ ರೊಟ್ಟಿ ಬಿಡಬೇಕು. ಮೂರರಾಗ ಒಂದು. ಬುಧವಾರ ಸಂಜಿ ಒಳಗ ಹೇಳ್ರಿ.”

ಖಾನಾವಳಿಗೆ ಹೋದಾಗ ಊಟದ ಹೊತ್ತು. ಹನ್ನೆರಡು ಮಂದಿ ಕೂರುವ ಕೋಣೆ, ಅದರ ಹಿಂದೆ ಅಡುಗೆಯ ಕೋಣೆ, ನಡುವೆ ನೀಲಿ ಪರದೆ. ಆ ಪರದೆ ಸರಿದದ್ದನ್ನು ನಾನು ಎಂದೂ ಕಂಡಿರಲಿಲ್ಲ. ಅದರ ಹಿಂದಿನಿಂದ ಟಪ ಟಪ ಸದ್ದು ಬರುತ್ತದೆ, ಬಿಸಿ ರೊಟ್ಟಿ ಬರುತ್ತದೆ, ಕಾಶವ್ವ ಮಾತ್ರ ಬಡಿಯುವುದು ಮುಗಿದ ಮೇಲೇ ಬರುತ್ತಾಳೆ. ಗಂಡಸರೆದುರು ಬೆವರಿಳಿಸಿಕೊಂಡು ಕೂರಲು ಸಂಕೋಚವಿರಬೇಕೆಂದು ನಾನೇ ತೀರ್ಮಾನ ಮಾಡಿಕೊಂಡಿದ್ದೆ.

ಸೆರಗಿಗೆ ಕೈ ಒರೆಸುತ್ತ ಬಂದು ನನ್ನೆದುರು ಕೂತಳು. ಐವತ್ತೆರಡರ ಗಟ್ಟಿ ಹೆಂಗಸು, ಮುಖ ಮಾತ್ರ ಬಾಡಿತ್ತು.

“ಹೊಡತ ಬಿದ್ದಾಗ ಹೆಂಗಾಗತದ ಕಾಶವ್ವಾರ?”

“ಎಮ್ಮಿ ಎದಿಗೆ ಒದ್ದಂಗ ಆಗತೈತ್ರಿ ಬಾಯಾರ. ಇವತ್ತ ಹಂಚಿನ ಮ್ಯಾಲೆ ಬೀಳತಿದ್ದೆ.”

“ಎಡಗಡೆ ಎಲುಬು ಯಾವಾಗ ಮುರೀತು?”

“ಹತ್ತೊಂಬತ್ತ ವರ್ಷದಾಕಿ ಇದ್ದಾಗರಿ. ಜ್ವಾಳದ ಕಣಿಕಿ ಹೇರಿದ ಬಂಡಿ ಮ್ಯಾಲಿಂದ ಬಿದ್ದಿದ್ದೆ. ನಾಟಿ ಔಷಧ ಕಟ್ಟಿದ್ರು, ಕೂಡ್ತು.”

ಮೂರು ದಾರಿಗಳನ್ನೂ ಅವಳಿಗೆ ಬಿಡಿಸಿ ಹೇಳಿದೆ. ತನ್ನ ಎದೆಯೊಳಗೆ ತನ್ನನ್ನು ಮೂವತ್ತಮೂರು ವರ್ಷದಿಂದ ಕಾಯುತ್ತಿರುವ ಒಂದು ತುಣುಕು ಇದೆ ಎಂದಾಗ ಅವಳು ಕೊರಳ ಕೆಳಗೆ ಬೆರಳಿಟ್ಟು ಒತ್ತಿ ನೋಡಿಕೊಂಡಳು.

“ರೊಟ್ಟಿ ಬಿಡ್ತೀರೇನ?”

“ಬಿಡಂಗಿಲ್ರಿ. ಗಂಡ ಹೋದಾಗಿಂದ ಈ ರೊಟ್ಟಿನ ನನ್ನ ನಿಲ್ಲಿಸೈತಿ. ಓಣ್ಯಾಗ ಕಾಶವ್ವ ಅಂದ್ರ ಯಾರಿಗೂ ಗೊತ್ತಾಗಂಗಿಲ್ಲ, ರೊಟ್ಟಿ ಕಾಶವ್ವ ಅಂದ್ರ ಕೂಸಿಗೂ ಗೊತ್ತು. ಸ್ನಾಯು ತಗೀರಿ, ಆದದ್ದಾಗಲಿ.”

“ಬಡಿಯೋದು ಒಮ್ಮೆ ನೋಡ್ತೀನಿ. ಯಂತ್ರದ ಮ್ಯಾಲೆ ಹಂಗ ಮಾಡಿ ಪರೀಕ್ಷಾ ಮಾಡಬೇಕು.”

“ಅದೊಂದ ಬ್ಯಾಡ್ರಿ ಬಾಯಾರ” ಎಂದವಳೇ ಎದ್ದು ಪರದೆಯ ಹಿಂದೆ ಹೋಗಿಬಿಟ್ಟಳು. ಸಾಯಲು ಸಿದ್ಧಳಾಗಿರುವ ಹೆಂಗಸು ರೊಟ್ಟಿ ಬಡಿಯುವುದನ್ನು ತೋರಿಸಲು ಯಾಕೆ ಹೆದರುತ್ತಾಳೆಂದು ನನಗೆ ತಿಳಿಯಲಿಲ್ಲ. ನನಗೆ ಸಿಟ್ಟೂ ಬಂತು.

ಪ್ರಯೋಗಾಲಯದಲ್ಲಿ ಫಣೀಂದ್ರನ ಯಂತ್ರವಿದೆ. ಉಪ್ಪುನೀರಿನ ತೊಟ್ಟಿಯಲ್ಲಿ ನಿಂತ ಅರ್ಧ ದೇಹ. ಎಲುಬು ಸೆರಾಮಿಕ್, ಸ್ನಾಯು ರಬ್ಬರು, ಎರಡು ತೋಳು. ಹೊಸ ದಾರ ಬಂದಾಗಲೆಲ್ಲ ಅದು ತಲೆ ಬಾಚುತ್ತದೆ, ಮೇಲಿನ ಗೂಡಿಗೆ ಕೈ ಚಾಚುತ್ತದೆ, ಚೆಂಡು ಎಸೆಯುತ್ತದೆ. ರೊಟ್ಟಿ ಬಡಿಯುವುದನ್ನು ಅದಕ್ಕೆ ಯಾರೂ ಕಲಿಸಿರಲಿಲ್ಲ. ಮುದ್ದೆ ಉಣ್ಣುವ ಫಣೀಂದ್ರನನ್ನು ಬಯ್ಯೋಣವೆಂದರೆ, ದಿನಾ ಅದೇ ರೊಟ್ಟಿ ತಿನ್ನುವ ನನಗೂ ಹೊಳೆದಿರಲಿಲ್ಲ. ಕೇಂದ್ರದ ಅಡುಗೆಯವಳಿಂದ ನಾಲ್ಕು ರೊಟ್ಟಿ ಬಡಿಸಿ, ಅವಳ ಭುಜದ ಚಲನೆ ಅಳೆದು ಯಂತ್ರಕ್ಕೆ ತುಂಬಿಸಿದೆವು. ಒಂದು ರೊಟ್ಟಿಗೆ ಸುಮಾರು ಅರವತ್ತು ಬಡಿತ, ದಿನಕ್ಕೆ ಹನ್ನೆರಡು ಸಾವಿರ. ಎಂಟು ತಿಂಗಳಿಗೆ ಇಪ್ಪತ್ತೊಂಬತ್ತು ಲಕ್ಷ. ಯಂತ್ರ ಸೆಕೆಂಡಿಗೆ ನಲವತ್ತರಂತೆ ಬಡಿಯತೊಡಗಿತು.

ಮಂಗಳವಾರ ಮಧ್ಯಾಹ್ನ ಅದು ನಿಂತಾಗ ಎಡಗಡೆಯ ದಾರ ಹೊಸದರಂತೆಯೇ ಇತ್ತು.

“ಆಗಲ್ಲ ಮೇಡಂ” ಎಂದ ಫಣೀಂದ್ರ. “ಬಲಗೈಲಿ ಬಡಿದ್ರೆ ಎಡ ಭುಜ ಅಲ್ಲಾಡೋದೇ ಇಲ್ಲ. ಇನ್ನೊಂದು ವಿಷಯ ಹೇಳ್ತೀನಿ, ಬೈಕೋಬೇಡಿ. ಎರಡೂ ಬದಿಗೂ ದಾರ ಹಾಕಿದ್ದೆ. ಬಲಗಡೆದು ನೋಡಿ.”

ಬಲಗಡೆಯ ದಾರ ಸ್ನಾಯುವಿನ ಅಡಿಯಲ್ಲಿ ಚಪ್ಪಟೆಯಾಗಿ ಒಡೆದಿತ್ತು. ಕಾಶವ್ವನ ಎಕ್ಸ್‌ರೇಯಲ್ಲಿ ಕಂಡ ಗುರುತು ಹೇಗಿತ್ತೋ ಹಾಗೆಯೇ.

“ಯಾವ ಕೈ ಬಡಿಯುತ್ತೋ ಆ ಕಡೆ ದಾರ ಹೋಗುತ್ತೆ. ಅವರದು ಹೋಗಿರೋದು ಎಡಗಡೆ. ಆದ್ರೆ ಅರ್ಜಿಲಿ ಬಲಗೈ ಅಂತಿದೆ.”

ಅರ್ಜಿ ತರಿಸಿದೆ. ಏಳನೆಯ ಪ್ರಶ್ನೆ: ನೀವು ಯಾವ ಕೈಯಿಂದ ಊಟ ಮಾಡುತ್ತೀರಿ? ಉತ್ತರ: ಬಲಗೈ.

ಸ್ಟೂಲಿನ ಮೇಲೆ ಕೂತೆ. ಈ ನೆಲದಲ್ಲಿ ಆ ಪ್ರಶ್ನೆಗೆ ಬೇರೆ ಉತ್ತರವಾದರೂ ಎಲ್ಲಿದೆ? ಎಡಚನಾಗಿ ಹುಟ್ಟಿದ ಮಗುವೂ ಅನ್ನಕ್ಕೆ ಬಲಗೈಯನ್ನೇ ಹಾಕುತ್ತದೆ, ಹಾಕದಿದ್ದರೆ ಹಾಕುವಂತೆ ಮಾಡುತ್ತೇವೆ. ಒಂದು ಲಕ್ಷ ಹತ್ತು ಸಾವಿರ ಅರ್ಜಿಗಳಲ್ಲಿ ‘ಎಡಗೈ’ ಎಂದವರು ಎಷ್ಟು ಎಂದು ಫಣೀಂದ್ರನಿಗೆ ಕೇಳಿದೆ. ನಾಲ್ವರು ಎಂದ. ಆ ನಾಲ್ವರಿಗೂ ಬಲಗೈ ಇರಲಿಲ್ಲ.

ಮೂರು ಗಂಟೆಗೆ ಖಾನಾವಳಿ ಖಾಲಿಯಾಗಿರುತ್ತದೆ. ನಾನು ಕೇಳದೆಯೇ ಪರದೆ ಸರಿಸಿ ಒಳಗೆ ಹೋದೆ. ಸಂಜೆ ಬರುವ ಒಬ್ಬಿಬ್ಬರು ಗಿರಾಕಿಗಳಿಗೆಂದು ಕಾಶವ್ವ ನಾಲ್ಕಾರು ರೊಟ್ಟಿ ಬಡಿಯುತ್ತಿದ್ದಳು. ಕಲ್ಲಿನ ಮೇಲೆ ಹಿಟ್ಟು ತಿರುಗುತ್ತಿತ್ತು. ತಿರುಗಿಸುತ್ತಿದ್ದದ್ದು ಬಲಗೈ, ಬಡಿಯುತ್ತಿದ್ದದ್ದು ಎಡಗೈ.

ನನ್ನನ್ನು ಕಂಡು ಕೈ ಹಿಂದಕ್ಕೆಳೆದುಕೊಂಡಳು. ಹಿಟ್ಟು ಮೆತ್ತಿದ ಎಡಗೈಯನ್ನು ಬೆನ್ನ ಹಿಂದೆ ಮುಚ್ಚಿಟ್ಟಳು, ಐವತ್ತೆರಡು ವರ್ಷದ ಹೆಂಗಸು.

“ಯಾರಿಗೂ ಹೇಳಬ್ಯಾಡ್ರಿ ಬಾಯಾರ. ನಿಮ್ಮ ಕಾಲಿಗೆ ಬೀಳ್ತೀನ್ರಿ.”

“ಯಾಕ ಹೇಳಲಿಲ್ಲ ಕಾಶವ್ವಾರ?”

“ಎಡಗೈ ರೊಟ್ಟಿ ಯಾರ ತಿಂತಾರ್ರಿ? ಸಣ್ಣಾಕಿದ್ದಾಗ ನಮ್ಮ ಅಜ್ಜಿ ಈ ಕೈಗೆ ಸೌಟು ಕಾಸಿ ಬರಿ ಹಾಕಿದ್ಲು, ನೋಡ್ರಿ” ಎಂದು ಅಂಗೈ ಮುಂದೆ ಮಾಡಿದಳು. ಬಿಳಿಚಿದ ಉದ್ದನೆಯ ಗುರುತು. “ಉಣ್ಣೂದು ಬಲಕ್ಕ ಬಂತು. ಬಡಿಯೂದು ಬರಲಿಲ್ಲರಿ. ಬಲಗೈಲೆ ಬಡದ್ರ ರೊಟ್ಟಿ ಹರೀತಿತ್ತು. ಅತ್ತಿ ಈ ಪರದೆ ಕಟ್ಟಿದ್ಲು. ಸಾಯೂಮಟ ತಗೀಬ್ಯಾಡ ಅಂದಿದ್ಲು.”

ಸುಳ್ಳು ಯಾಕೆ ಹೇಳಲಿ, ಬುಟ್ಟಿಯಲ್ಲಿದ್ದ ರೊಟ್ಟಿ ಕಂಡು ನನಗೆ ಒಂದು ಕ್ಷಣ ಹೇಸಿಗೆಯೆನಿಸಿತು. ಓದಿದವಳು, ಹೆಣ ಕೊಯ್ದು ಕಲಿಸಿದವಳು, ಹನ್ನೊಂದು ವರ್ಷ ಆ ರೊಟ್ಟಿಯನ್ನು ಚಪ್ಪರಿಸಿದವಳು, ನನಗೂ ಹಾಗಾಯಿತು. ಕಾಶವ್ವ ಅದನ್ನು ನನ್ನ ಮುಖದಲ್ಲಿ ನೋಡಿಬಿಟ್ಟಳು. ನನಗೆ ಆದ ನಾಚಿಕೆ ಅಷ್ಟಿಷ್ಟಲ್ಲ. ಬುಟ್ಟಿಯಿಂದ ಒಂದು ರೊಟ್ಟಿ ಎತ್ತಿಕೊಂಡು ಅಲ್ಲೇ ನೆಲದ ಮೇಲೆ ಕೂತು, ಒಂದು ಚೂರೂ ಬಿಡದೆ ತಿಂದೆ. ಅವಳು ನೀರು ತಂದಿಟ್ಟಳು.

“ಯಾರಿಗೂ ಹೇಳಂಗಿಲ್ಲ” ಎಂದೆ. “ಡಾಕ್ಟರಿಗೆ ಮಾತ್ರ ಹೇಳಬೇಕು. ದಾರ ಬಲಕ್ಕ ಹೋಗತದ. ಸ್ನಾಯು ಇದ್ದಲ್ಲೇ ಇರತದ. ನೀವೂ ಇದ್ದಲ್ಲೇ ಇರ್ತೀರಿ.”

ಗುರುವಾರ ಇರ್ಫಾನ್ ಎಡಗಡೆಯ ಹಾಳಾದ ದಾರವನ್ನು ಮಾತ್ರ ತೆಗೆದ, ಸ್ನಾಯುವನ್ನು ಮುಟ್ಟಲಿಲ್ಲ. ಬಲಗಡೆ ಹೊಸ ದಾರವನ್ನು ಎರಡು ಬೆರಳು ಆಚೆ, ಸ್ನಾಯುವಿನ ಅಂಚು ದಾಟಿ ಅಭಿಧಮನಿಗೆ ಇಳಿಸಿದ. ಆರು ವಾರದ ಮೇಲೆ ಕಾಶವ್ವ ಮತ್ತೆ ರೊಟ್ಟಿ ಬಡಿದಳು. ನಿಗಾ ಕೋಣೆಯಲ್ಲಿ ನಾನೂ ಫಣೀಂದ್ರನೂ ಒಂಬತ್ತರಿಂದ ಹನ್ನೆರಡರವರೆಗೆ ಕಣ್ಣು ಕೀಳದೆ ಕೂತಿದ್ದೆವು. ಚುಕ್ಕೆ ಹಸಿರಾಗಿಯೇ ಇತ್ತು.

ಆದರೆ ಅಷ್ಟರಲ್ಲಿ ಫಣೀಂದ್ರ ಇನ್ನೊಂದು ಪಟ್ಟಿ ತೆಗೆದಿದ್ದ. ಕೆಲಸದ ಹೊತ್ತಿನಲ್ಲಿ ಮಾತ್ರ ಎಡಗಡೆಯ ದಾರ ಗಲಾಟೆ ಮಾಡುವ ಇನ್ನೂ ಮೂವತ್ತೇಳು ಜನ. ಏಳನೆಯ ಪ್ರಶ್ನೆಯನ್ನು ನಾನು ಹೊಡೆದು ಹಾಕಿ, ‘ಯಾವ ಕೈಯಿಂದ ಕೆಲಸ ಮಾಡುತ್ತೀರಿ?’ ಎಂದು ಬರೆದಿದ್ದೆ. ಒಬ್ಬೊಬ್ಬರಿಗೂ ನಾನೇ ಫೋನ್ ಮಾಡಿದೆ. ಆರು ಜನ ಎಡಗೈ ಎಂದರು. ಮೂವತ್ತೊಂದು ಜನ ಬಲಗೈ ಎಂದರು, ಕೆಲವರು ಸಿಟ್ಟಾಗಿ ಫೋನ್ ಇಟ್ಟರು. ಗಾಂಧಿ ಚೌಕದ ಪೇಢೆ ಅಂಗಡಿಯ ಸಂಗನಬಸಪ್ಪ ಎರಡು ಸಲ ಬಲಗೈ ಎಂದ. ದಿನಾ ಮೂರು ತಾಸು ಅಂಗಡಿಯ ಹಿಂದಿನ ಕೋಣೆಯಲ್ಲಿ ಹಾಲು ಕಾಯಿಸಿ ತಿರುವುವವನು. ಅವನ ಚುಕ್ಕೆ ಆ ವಾರ ಎರಡು ಸಲ ಕೆಂಪಾಗಿತ್ತು.

ತಪಾಸಣೆಗೆ ಬಂದ ಕಾಶವ್ವ ನನ್ನ ಮೇಜಿನ ಮೇಲೆ ಆ ಪಟ್ಟಿ ಕಂಡು ಏನೆಂದು ಕೇಳಿದಳು. ಹೆಸರು ಹೇಳದೆ ವಿಷಯ ಮಾತ್ರ ಹೇಳಿದೆ.

“ಮೂವತ್ತೊಂದ ಮಂದೀನೂ ಪರದೆ ಕಟಗೊಂಡ ಕುಂತಾರ ಅನ್ರಿ” ಎಂದಳು. ಪಟ್ಟಿಯನ್ನು ನನ್ನತ್ತ ಸರಿಸಿದಳು. “ನೀವು ಕೇಳಿದ್ರ ಹೇಳಂಗಿಲ್ರಿ ಬಾಯಾರ. ನಾನೂ ಹೇಳತಿರಲಿಲ್ಲ. ನಾಳಿ ಊಟಕ್ಕ ಬರ್ರಿ.”

“ನಿಮ್ಮ ಗಿರಾಕಿಗಳು ಹೋದ್ರ?”

“ಹೋದವ್ರು ಹೋಗಲಿ. ಕೈ ಮುಚ್ಚಿಟ್ಟು ಸಾಕಾಗೈತಿ.”

ಮರುದಿನ ಹನ್ನೆರಡಕ್ಕೆ ಹೋದಾಗ ನೀಲಿ ಪರದೆ ಇರಲಿಲ್ಲ. ಅದನ್ನು ಮಡಚಿ, ಅದರ ಮೇಲೆ ರೊಟ್ಟಿಯ ಬುಟ್ಟಿ ಇಟ್ಟಿದ್ದಳು. ಇಡೀ ಕೋಣೆಗೆ ಕಾಣುವಂತೆ ಒಲೆಯ ಮುಂದೆ ಕೂತು ಕಾಶವ್ವ ಎಡಗೈಯಿಂದ ರೊಟ್ಟಿ ಬಡಿಯುತ್ತಿದ್ದಳು. ಮುಖ ಕೆಂಪಾಗಿತ್ತು, ಕೈ ಮಾತ್ರ ನಿಲ್ಲಲಿಲ್ಲ. ಉಣ್ಣುತ್ತಿದ್ದವರ ಮಾತು ನಿಂತಿತು. ಬಾಗಿಲ ಬಳಿ ಕೂತಿದ್ದ ಇಬ್ಬರು ತಟ್ಟೆ ಸರಿಸಿ ಎದ್ದು ಹೋದರು. ಕಾಶವ್ವ ಅವರತ್ತ ನೋಡಿದಳು, ನೋಡಿ ಮತ್ತೊಂದು ಉಂಡೆ ಕಲ್ಲಿನ ಮೇಲಿಟ್ಟಳು.

“ರೊಟ್ಟಿ ಯಾರಿಗೆ ಬೇಕ್ರಿ?” ಎಂದು ಗಟ್ಟಿಯಾಗಿ ಕೇಳಿದಳು.

ನಾನು ಕೈ ಎತ್ತಬೇಕೆನ್ನುವಷ್ಟರಲ್ಲಿ ಗೋಡೆಯ ಪಕ್ಕದಿಂದ ಒಬ್ಬ ದಪ್ಪನೆಯ ಮನುಷ್ಯ, “ನನಗೊಂದ ಹಾಕವಾ” ಎಂದ. ಅಂಗಿಯ ಮೇಲೆ ಹಾಲಿನ ಕಲೆಗಳಿದ್ದವು. ಬಿಸಿ ರೊಟ್ಟಿ ಬಂತು. ತಲೆ ತಗ್ಗಿಸಿಕೊಂಡು ತಿಂದ. “ಇನ್ನೊಂದು” ಎಂದ, ಅದನ್ನೂ ತಿಂದ. ಅಷ್ಟರಲ್ಲಿ ಉಳಿದವರ ಕೈಗಳೂ ತಟ್ಟೆಗೆ ಮರಳಿದ್ದವು. ಯಾರೋ ಶೇಂಗಾ ಹಿಂಡಿ ಕೇಳಿದರು, ಇನ್ನಾರೋ ಮಜ್ಜಿಗೆ ಕೇಳಿದರು.

ಅವನು ಕೈ ತೊಳೆದುಕೊಂಡು ಹೋಗುವಾಗ ನನ್ನ ಪಕ್ಕ ನಿಂತ. ಒದ್ದೆಯಾದ ಎಡಗೈಯನ್ನು ಅಂಗಿಗೆ ಒರೆಸಿಕೊಳ್ಳುತ್ತ ಹೇಳಿದ:

“ಡಾಕ್ಟರ್ ಬಾಯಾರ, ನಾ ಪೇಢೆ ಅಂಗಡಿ ಸಂಗನಬಸಪ್ಪ. ಆ ಫಾರಮ್ಮು ನನಗ ಇನ್ನೊಮ್ಮೆ ಕೊಡ್ರಿ.”